ಒಬ್ಬನನ್ನ ಗಡೀಪಾರು ಮಾಡೋಕೆ ಎಷ್ಟು ಕೈ ಬೇಕು

ಒಬ್ಬ ಮನುಷ್ಯನನ್ನ ಒಂದು ದೇಶದಿಂದ ಹೊರಗೆ ಹಾಕೋಕೆ ಒಟ್ಟು ಎಷ್ಟು ಜನ ಬೇಕಾಗ್ತಾರೆ ಅನ್ನೋ ಲೆಕ್ಕ ಕೆಲವು ವರ್ಷದಿಂದ ನನ್ನ ತಲೇಲಿ ಓಡ್ತಾನೇ ಇದೆ. ಅರ್ಜಿ ತಿರಸ್ಕಾರ ಮಾಡೋ ಗುಮಾಸ್ತ, ಮೇಲ್ಮನವಿ ವಜಾ ಮಾಡೋ ಜಡ್ಜು, ಬೆಳಗಿನ ಜಾವ ಬಾಗಿಲು ಬಡಿಯೋ ಆಫೀಸರ್‌ಗಳು, ವ್ಯಾನ್ ಡ್ರೈವರ್, ಡಿಟೆನ್ಶನ್ ಸೆಂಟರಲ್ಲಿ ಬೀಗ ಹಾಕೋನು, ಅಡುಗೆ ಮಾಡೋನು, ಟಿಕೆಟ್ ಬುಕ್ ಮಾಡೋ ಕಂಪನಿ, ಕೈಗೆ ಬೇಡಿ ಹಾಕಿ ಎಡಕ್ಕೊಬ್ಬ ಬಲಕ್ಕೊಬ್ಬ ಕೂತ್ಕೊಳ್ಳೋ ಎಸ್ಕಾರ್ಟ್‌ಗಳು, ಪೈಲಟ್, ಸಿಬ್ಬಂದಿ, ಕೊನೆಗೆ ಅದೇ ವಿಮಾನದಲ್ಲಿ ಸೀಟ್ ಬೆಲ್ಟ್ ಹಾಕ್ಕೊಂಡು ಕಿಟಕಿ ಕಡೆ ಮುಖ ತಿರುಗಿಸಿ ಕೂರೋ ಪ್ರಯಾಣಿಕರು. ಇವರಲ್ಲಿ ಒಬ್ಬರೂ ರಾತ್ರಿ ಮನೆಗೆ ಹೋಗಿ "ಇವತ್ತು ನಾನು ಒಬ್ಬನನ್ನ ದೇಶ ಬಿಡಿಸ್ದೆ" ಅಂತ ಹೇಳಲ್ಲ, ಯಾಕಂದ್ರೆ ಅವರವರ ಪಾಲಿಗೆ ಬಂದಿದ್ದು ಒಂದು ಸಣ್ಣ ಕೆಲಸ ಅಷ್ಟೇ, ಒಂದು ಸಹಿ, ಒಂದು ಬಾಗಿಲು, ಒಂದು ಸೀಟ್ ನಂಬರ್.

ಓದೋಕೆ ಅಂತ ಬ್ರಿಟನ್‌ಗೆ ಹೋಗಿ ಕೆಲವು ವರ್ಷ ಅಲ್ಲಿದ್ದವಳು ನಾನು. ಅಲ್ಲಿ ಗಡೀಪಾರಿನ ವಿರುದ್ಧ ಕೆಲಸ ಮಾಡೋರ ಪರಿಚಯ ಆಯ್ತು. ಅವರಿಂದ ನನಗೆ ಅರ್ಥ ಆದ ದೊಡ್ಡ ವಿಷಯ ಇದು: ಈ ಸರಪಳಿಯಲ್ಲಿ ಎಷ್ಟು ಕೈ ಇದ್ಯೋ ಅಷ್ಟು ಕಡೆ ಅದನ್ನ ನಿಲ್ಲಿಸಬಹುದು. ವರ್ಣಭೇದದ ವಿರುದ್ಧ ಹೋರಾಟ ಅಂದ ತಕ್ಷಣ ನಮಗೆ ಮೆರವಣಿಗೆ, ಭಾಷಣ, ಬ್ಯಾನರ್ ಕಣ್ಣಿಗೆ ಬರುತ್ತೆ, ಅದೂ ಬೇಕು, ಆದ್ರೆ ಗಡಿಯ ವಿಚಾರದಲ್ಲಿ ನಿಜಕ್ಕೂ ಫಲ ಕೊಟ್ಟಿದ್ದು ಹೆಚ್ಚಾಗಿ ಯಾರೋ ಒಬ್ಬರು ತಮ್ಮ ಪಾಲಿನ ಸಣ್ಣ ಕೆಲಸ ಮಾಡಲ್ಲ ಅಂದಾಗ, ಇಲ್ಲಾ ಅದು ನಡೆಯೋ ದಾರಿಗೆ ಅಡ್ಡ ನಿಂತಾಗ.

ಕೆನ್‌ಮ್ಯೂರ್ ಸ್ಟ್ರೀಟ್

2021ರ ಮೇ 13, ಗ್ಲಾಸ್ಗೋದ ಪೊಲಾಕ್‌ಶೀಲ್ಡ್ಸ್. ಅವತ್ತು ಈದ್. ಆ ಬಡಾವಣೇಲಿ ದಕ್ಷಿಣ ಏಷ್ಯಾದ ಮುಸ್ಲಿಂ ಕುಟುಂಬಗಳು ತುಂಬಾ. ಬೆಳಿಗ್ಗೆ ವಲಸೆ ಇಲಾಖೆಯ ವ್ಯಾನ್ ಬಂದು ಕೆನ್‌ಮ್ಯೂರ್ ಸ್ಟ್ರೀಟಿನ ಒಂದು ಮನೆಯಿಂದ ಇಬ್ಬರನ್ನ ಹಿಡಿದು ಒಳಗೆ ಕೂರಿಸ್ತು. ಇಬ್ಬರೂ ಭಾರತದವರು, ಸುಮಾರು ಹತ್ತು ವರ್ಷದಿಂದ ಅಲ್ಲೇ ಇದ್ದವರು. ವ್ಯಾನ್ ಹೊರಡೋ ಮುಂಚೆ ಒಬ್ಬ ಬಂದು ಅದರ ಅಡಿಗೆ ನುಸುಳಿ ಮಲಗಿಬಿಟ್ಟ. ಅಷ್ಟೇ, ವ್ಯಾನ್ ಅಲ್ಲಾಡೋ ಹಾಗಿಲ್ಲ. ಅಷ್ಟರಲ್ಲಿ ಫೋನುಗಳಲ್ಲಿ ಸುದ್ದಿ ಹರಿದಾಡಿ ಅಕ್ಕಪಕ್ಕದವರು ಬಂದ್ರು, ಪಕ್ಕದ ಬೀದಿಯವರು ಬಂದ್ರು, ಮಧ್ಯಾಹ್ನದ ಹೊತ್ತಿಗೆ ನೂರಾರು ಜನ ವ್ಯಾನ್ ಸುತ್ತ ಕೂತಿದ್ರು. "ಇವರು ನಮ್ಮ ನೆರೆಯವರು, ಬಿಟ್ಟುಬಿಡಿ" ಅನ್ನೋದೇ ಅವರ ಘೋಷಣೆ.

ನಾನು ಅದನ್ನ ನೋಡಿದ್ದು ಫೋನ್ ಲೈವ್‌ನಲ್ಲಿ, ಬೇರೆ ಊರಲ್ಲಿ ಕೂತು. ಗಂಟೆಗಟ್ಟಲೆ ನೋಡಿದೀನಿ. ಜನ ನೀರಿನ ಬಾಟಲಿ, ಬಿಸ್ಕೆಟ್ ಕೈಯಿಂದ ಕೈಗೆ ದಾಟಿಸ್ತಿದ್ರು, ಕೋವಿಡ್ ಕಾಲ ಆಗಿದ್ರಿಂದ ಮಾಸ್ಕ್ ಹಂಚ್ತಿದ್ರು, ಸಾಲುಸಾಲು ಪೊಲೀಸ್ರು ನಿಂತಿದ್ರು, ಜನ ಕರಗೋ ಬದಲು ಹೆಚ್ಚಾಗ್ತಾನೇ ಇದ್ರು. ಸುಮಾರು ಎಂಟು ಗಂಟೆ ಹೀಗೇ ನಡೀತು. ಸಂಜೆ ಪೊಲೀಸ್ ಸ್ಕಾಟ್ಲೆಂಡ್ "ಸಾರ್ವಜನಿಕರ ಸುರಕ್ಷತೆ, ಆರೋಗ್ಯದ ದೃಷ್ಟಿಯಿಂದ" ಇಬ್ಬರನ್ನೂ ಬಿಡ್ತೀವಿ ಅಂತ ಘೋಷಿಸ್ತು, ವ್ಯಾನ್ ಬಾಗಿಲು ತೆಗೆದು ಇಬ್ಬರೂ ಹೊರಗೆ ಬಂದಾಗ ಆ ಬೀದಿ ಕೂಗಿದ ಕೂಗಿಗೆ ನನ್ನ ಫೋನಿನ ಸ್ಪೀಕರ್ ಒಡೆದು ಹೋಗುತ್ತೇನೋ ಅನ್ನಿಸ್ತು. ನಾನು ಅತ್ತೆ, ಹೇಳ್ಕೊಳ್ಳೋಕೆ ನಾಚಿಕೆ ಏನಿಲ್ಲ.

ಆಮೇಲೆ ಎಲ್ಲರೂ ಇದನ್ನ ದಿಢೀರ್ ಪವಾಡ ಅನ್ನೋ ಹಾಗೆ ಬರೆದ್ರು. ಗ್ಲಾಸ್ಗೋದವರು ಇದಕ್ಕೆ ವರ್ಷಗಟ್ಟಲೆ ತಯಾರಾಗಿದ್ರು. 1999ರ ಕಾನೂನು ಬಂದ ಮೇಲೆ ಆಶ್ರಯ ಕೇಳಿ ಬಂದವರನ್ನ ಬೇರೆ ಬೇರೆ ಊರುಗಳಿಗೆ ಹಂಚೋಕೆ ಶುರು ಮಾಡಿದಾಗ ಗ್ಲಾಸ್ಗೋದ ಎತ್ತರದ ಟವರ್ ಬ್ಲಾಕ್‌ಗಳಿಗೆ ಸಾವಿರಾರು ಜನರನ್ನ ತಂದು ಇಳಿಸಿದ್ರು. ಮೊದಮೊದಲು ಗಲಾಟೆ, ದ್ವೇಷ, ಹಲ್ಲೆ ಎಲ್ಲಾ ಆಗಿದೆ, ಅದನ್ನ ಮುಚ್ಚಿಡೋದು ಬೇಡ. ಆದ್ರೆ ಒಂದೇ ಲಿಫ್ಟು, ಒಂದೇ ಶಾಲೆ, ವರ್ಷ ಕಳೀತಾ ಜನ ಪರಸ್ಪರ ಗುರುತಾದ್ರು. ಬೆಳಗಿನ ಜಾವದ ದಾಳಿಗಳು ಶುರುವಾದಾಗ ಆ ಬಿಲ್ಡಿಂಗುಗಳ ಸ್ಥಳೀಯ ಹೆಂಗಸರೇ ಕತ್ತಲಲ್ಲೇ ಎದ್ದು ವ್ಯಾನ್ ಬರುತ್ತಾ ಅಂತ ಕಾಯ್ತಿದ್ರು. 2005ರಲ್ಲಿ ಡ್ರಮ್‌ಚಾಪೆಲ್ ಹೈಸ್ಕೂಲಿನ ಒಬ್ಬ ಹುಡುಗೀನ ಕುಟುಂಬದ ಸಮೇತ ಹಿಡಕೊಂಡು ಹೋದಾಗ ಅವಳ ಕ್ಲಾಸಿನ ಗೆಳತಿಯರು ಸಹಿ ಸಂಗ್ರಹ ಮಾಡಿ, ಪಾರ್ಲಿಮೆಂಟಿನ ತನಕ ಹೋಗಿ, ಅವಳು ವಾಪಸ್ ಬರೋ ಹಾಗೆ ಮಾಡಿದ್ರು. ಗ್ಲಾಸ್ಗೋ ಗರ್ಲ್ಸ್ ಅಂತಾನೇ ಅವರನ್ನ ಕರೀತಾರೆ. ಇಷ್ಟೆಲ್ಲಾ ಆಗಿತ್ತು 2021ಕ್ಕೆ ಮುಂಚೆ. ವ್ಯಾನ್ ಅಡಿ ಮಲಗಿದವನ ಬೆನ್ನಿಗೆ ಇಪ್ಪತ್ತು ವರ್ಷದ ನೆರೆಹೊರೆ ಇತ್ತು.

ನೋಟ್‌ಬುಕ್ಕಿನ ಸಾಲು

ಗಡಿ ಅಂದ್ರೆ ಮುಳ್ಳುತಂತಿ, ಚೆಕ್‌ಪೋಸ್ಟ್, ಪಾಸ್‌ಪೋರ್ಟ್ ಕೌಂಟರ್ ಅಂತ ನಾವು ಅಂದ್ಕೊಂಡಿರ್ತೀವಿ. ಬ್ರಿಟನ್ನಿನಲ್ಲಿ 2012ರಲ್ಲಿ ಗೃಹಸಚಿವೆ ಆಗಿದ್ದ ಥೆರೇಸಾ ಮೇ ಅಕ್ರಮ ವಲಸಿಗರಿಗೆ "ಹಾಸ್ಟೈಲ್ ಎನ್ವಿರಾನ್ಮೆಂಟ್", ಅಂದ್ರೆ ಬದುಕೋಕೇ ಕಷ್ಟ ಆಗೋ ವಾತಾವರಣ, ಸೃಷ್ಟಿ ಮಾಡೋದೇ ಗುರಿ ಅಂತ ಹೇಳಿದ ಮೇಲೆ ಗಡಿ ಅನ್ನೋದು ಊರೊಳಕ್ಕೇ ಬಂತು. ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡೋ ಓನರ್ ಈಗ ವೀಸಾ ನೋಡಬೇಕು, ಇಲ್ಲಾಂದ್ರೆ ಒಬ್ಬ ಬಾಡಿಗೆದಾರನಿಗೆ 20,000 ಪೌಂಡ್ ತನಕ ದಂಡ. ಕೆಲಸ ಕೊಡೋರಿಗೆ 60,000 ತನಕ. ಯೂನಿವರ್ಸಿಟಿಗಳು ನಮ್ಮ ಹಾಜರಿ ಬರೆದಿಟ್ಕೊಂಡಿರಬೇಕು, ತಪ್ಪಿದ್ರೆ ವರದಿ. ಲೆಕ್ಚರರ್ ಹಾಜರಿ ಹಾಕುವಾಗ ಅವರೂ ಗಡಿ ಕಾಯ್ತಿದಾರೆ ಅನ್ನೋದು ನನ್ನ ಮೈಗೆ ತಾಗಿದ್ದು ಆಗಲೇ. ಮನೆ ಓನರ್ ದಂಡದ ಭಯಕ್ಕೆ ಏನ್ ಮಾಡ್ತಾನೆ? ಹೆಸರು, ಮೈಬಣ್ಣ, ಮಾತಿನ ಧಾಟಿ ನೋಡಿ "ರೂಮ್ ಹೋಯ್ತು" ಅಂತಾನೆ. ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲದ ಬ್ರಿಟಿಷ್ ಪ್ರಜೆಗಳಿಗೂ ಇದೇ ಗತಿ. 2019ರಲ್ಲಿ ಹೈಕೋರ್ಟ್ ಈ ಬಾಡಿಗೆ ನಿಯಮ ಜನಾಂಗೀಯ ತಾರತಮ್ಯಕ್ಕೆ ದಾರಿ ಮಾಡ್ತಿದೆ ಅಂತ ಹೇಳ್ತು, ಮುಂದಿನ ವರ್ಷ ಮೇಲ್ಮನವಿ ಕೋರ್ಟ್ ತಾರತಮ್ಯ ಆಗ್ತಿದ್ರೂ ಸರ್ಕಾರದ ಉದ್ದೇಶಕ್ಕೆ ಅದು ಸಮರ್ಥನೀಯ ಅಂತ ಆ ತೀರ್ಪನ್ನ ತೆಗೆದುಹಾಕ್ತು. ನಿಯಮ ಇವತ್ತಿಗೂ ಇದೆ.

ನನ್ನ ಜೊತೆ ಓದ್ತಿದ್ದ ಒಬ್ಬಳು ಒಂದು ಚಳಿಗಾಲದ ಬೆಳಿಗ್ಗೆ ನನ್ನನ್ನ ವಲಸೆ ಕಚೇರಿಯೊಂದರ ಮುಂದೆ ಕರಕೊಂಡು ಹೋದ್ಲು. ಆಶ್ರಯ ಕೇಳಿದವರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅಲ್ಲಿಗೆ ಬಂದು ಸಹಿ ಹಾಕಬೇಕು, "ಸೈನಿಂಗ್" ಅಂತಾರೆ ಅದಕ್ಕೆ. ಸಹಿಗೆ ಅಂತ ಒಳಗೆ ಹೋದವರನ್ನ ಕೆಲವು ಸಲ ಅಲ್ಲೇ ಹಿಡಿದು ಹಿಂಬಾಗಿಲಿಂದ ಡಿಟೆನ್ಶನ್‌ಗೆ ಕಳಿಸ್ತಾರೆ. ಅದಕ್ಕೇ ಹೊರಗಡೆ ಕೆಲವು ವಾಲಂಟಿಯರ್‌ಗಳು ಒಂದು ನೋಟ್‌ಬುಕ್ ಹಿಡ್ಕೊಂಡು ನಿಂತಿರ್ತಾರೆ. ಒಳಗೆ ಹೋಗೋ ಮುಂಚೆ ಬೇಕಾದವರು ಹೆಸರು ಬರೆಸ್ತಾರೆ, ಹೊರಗೆ ಬಂದಾಗ ಹೆಸರಿಗೆ ಗೆರೆ ಹೊಡೀತಾರೆ. ಗ್ಲಾಸ್ಗೋದ ಯೂನಿಟಿ ಸೆಂಟರ್‌ನವರು ವರ್ಷಗಟ್ಟಲೆ ಮಾಡಿದ ಕೆಲಸ ಇದು, ಬೇರೆ ಊರುಗಳಲ್ಲೂ ಇದನ್ನ ಕಲಿತು ಮಾಡೋರಿದ್ದಾರೆ.

ಆ ನೋಟ್‌ಬುಕ್ಕಿನಲ್ಲಿ ಏನೇನು ಕಾಲಂ ಇತ್ತು ಅನ್ನೋದು ನನಗೆ ಇನ್ನೂ ನೆನಪಿದೆ. ಹೆಸರು, ಒಳಗೆ ಹೋದ ಟೈಮು, ಕೇಸಿನ ನಂಬರು, ವಕೀಲರ ಫೋನು, ಮನೇಲಿ ಯಾರಿಗೆ ತಿಳಿಸಬೇಕು, ಮಕ್ಕಳಿದ್ರೆ ಶಾಲೆ ಎಷ್ಟು ಹೊತ್ತಿಗೆ ಬಿಡುತ್ತೆ. ಕೊನೇದು ನೋಡಿ ನಾನು ಸುಮ್ನೆ ನಿಂತುಬಿಟ್ಟೆ. ರಿಟೈರ್ ಆದ ಟೀಚರ್ ಒಬ್ಬರು ಅಲ್ಲಿದ್ರು, ಅವರೇ ಆ ಕಾಲಂ ಸೇರಿಸಿದ್ದಂತೆ. ಸಾಲಿನಲ್ಲಿದ್ದ ಶ್ರೀಲಂಕಾದ ತಮಿಳು ಹಿರಿಯರೊಬ್ಬರು ನಾನು ಭಾರತದವಳು ಅಂತ ಗೊತ್ತಾಗಿ ಹತ್ತಿರ ಬಂದು ನಿಂತ್ರು. ಎಷ್ಟೋ ವರ್ಷದಿಂದ ಸಹಿ ಹಾಕ್ತಿದಾರೆ. ಸಹಿ ಹಾಕಿಸ್ಕೊಂಡು ಹೋಗಿ ಅಂದ್ರೆ ಸರಿ, "ಸ್ವಲ್ಪ ಕೂತಿರಿ" ಅಂದ್ರೆ ಮುಗೀತು ಅಂದ್ರು ಅವರು. ಅವತ್ತು ಅವರು ಬೇಗನೇ ಹೊರಗೆ ಬಂದ್ರು, ತಮ್ಮ ಹೆಸರಿಗೆ ತಾವೇ ಗೆರೆ ಹೊಡೆದ್ರು, ನಡುಗೋ ಕೈಯಲ್ಲಿ, ಚಳಿಗೋ ಏನೋ.

ಮಧ್ಯಾಹ್ನದ ಹೊತ್ತಿಗೆ ಒಂದು ಹೆಸರಿಗೆ ಗೆರೆ ಬಿದ್ದಿರಲಿಲ್ಲ. ಮೂವತ್ತರ ಆಸುಪಾಸಿನ ಗಂಡಸು, ಶಾಲೆ ಕಾಲಂನಲ್ಲಿ "ಮಗಳು, 3:15" ಅಂತ ಬರೆಸಿದ್ರು. ಯಾರೂ ಗಾಬರಿ ಆಗಲಿಲ್ಲ, ಕೂಗಾಡಲಿಲ್ಲ. ಟೀಚರ್ ಶಾಲೆಗೆ ಫೋನ್ ಮಾಡಿ, ಆಮೇಲೆ ಕಾರ್ ತಗೊಂಡು ತಾವೇ ಹೊರಟ್ರು, ಮಗುವಿನ ತಾಯಿ ಕೆಲಸದ ಜಾಗಕ್ಕೆ ಇನ್ನೊಬ್ಬರು ಹೋದ್ರು. ನನಗೆ ಸಿಕ್ಕಿದ ಕೆಲಸ ವಕೀಲರ ಆಫೀಸಿಗೆ ಫೋನ್ ಮಾಡಿ ಕೇಸ್ ನಂಬರನ್ನ ಒಂದೊಂದೇ ಅಕ್ಷರ ಓದಿ ಹೇಳೋದು. ಆ ಕಡೆಯವರು ಮೊದಲು ಕೇಳಿದ್ದೇ "ಎಷ್ಟು ಹೊತ್ತಾಯ್ತು ಒಳಗೆ ಹೋಗಿ?" ಅಂತ, ಯಾಕಂದ್ರೆ ಒಳಗೆ ಕ್ಯಾಮೆರಾ ಇರೋ ಫೋನ್ ಕಿತ್ಕೊಂಡು ಬೇರೆ ಸಾದಾ ಫೋನ್ ಕೊಡ್ತಾರೆ, ನಂಬರ್ ನೆನಪಿಲ್ಲದವರು ಯಾರನ್ನೂ ಸಂಪರ್ಕ ಮಾಡೋಕಾಗಲ್ಲ, ವಿಮಾನದ ಟಿಕೆಟ್ ಆಗಿಬಿಟ್ರೆ ಕೋರ್ಟಿಗೆ ಹೋಗೋ ಸಮಯಾನೂ ಇರಲ್ಲ. ಒಳಗೆ ಸಿಕ್ಕಿಬಿದ್ದ ಆ ಅಪ್ಪ ಕೆಲವು ವಾರ ಆದ್ಮೇಲೆ ಜಾಮೀನಿನ ಮೇಲೆ ಹೊರಗೆ ಬಂದ್ರು. ಆಮೇಲೆ ಮತ್ತೆ ಸಾಲಿನಲ್ಲಿ ನಿಂತಿದ್ದನ್ನ ನೋಡ್ದೆ. ಹೆಸರು ಬರೆಸಿ ಒಳಗೆ ಹೋದ್ರು.

ಈ ಕೆಲಸದಲ್ಲಿ ಫೋಟೋ ತೆಗೆಯೋ ಅಂಥದ್ದು ಏನೂ ಇಲ್ಲ. ಆದ್ರೂ ಗಡಿಯ ವಿರುದ್ಧದ ಹೋರಾಟದ ಬೆನ್ನೆಲುಬು ಇಂಥ ಬೆಳಗುಗಳೇ ಅಂತ ನಾನು ನಂಬ್ತೀನಿ.

ವಿಮಾನದ ಒಳಗೆ

2010ರ ಅಕ್ಟೋಬರ್ 12ರಂದು ಹೀಥ್ರೋದಲ್ಲಿ ಅಂಗೋಲಾಕ್ಕೆ ಹೊರಟಿದ್ದ ವಿಮಾನದ ಹಿಂದಿನ ಸಾಲಿನಲ್ಲಿ, ಗಡೀಪಾರು ಆಗ್ತಿದ್ದ ಜಿಮ್ಮಿ ಮುಬೆಂಗಾ ಸತ್ತರು. 46 ವರ್ಷ, ಐದು ಮಕ್ಕಳ ತಂದೆ. ಜಿ4ಎಸ್ ಅನ್ನೋ ಖಾಸಗಿ ಸೆಕ್ಯುರಿಟಿ ಕಂಪನಿಯ ಮೂವರು ಗಾರ್ಡ್‌ಗಳು ಅವರನ್ನ ಸೀಟಿನಲ್ಲಿ ಒತ್ತಿ ಹಿಡಿದಿದ್ರು. ಉಸಿರಾಡೋಕೆ ಆಗ್ತಿಲ್ಲ ಅಂತ ಅವರು ಕೂಗಿದ್ದನ್ನ ಪ್ರಯಾಣಿಕರು ಕೇಳಿಸ್ಕೊಂಡಿದ್ರು. 2013ರಲ್ಲಿ ಸಾವಿನ ಕಾರಣ ವಿಚಾರಿಸೋ ಇನ್‌ಕ್ವೆಸ್ಟ್ ಜ್ಯೂರಿ ಇದು ಕಾನೂನುಬಾಹಿರ ಕೊಲೆ ಅಂತ ಹೇಳ್ತು, 2014ರಲ್ಲಿ ಕ್ರಿಮಿನಲ್ ಕೋರ್ಟಿನಲ್ಲಿ ಮೂವರೂ ಖುಲಾಸೆ ಆದ್ರು. ಆ ವಿಮಾನದಲ್ಲಿದ್ದವರಲ್ಲಿ ಕೆಲವರು ಆಮೇಲೆ, ನಾವು ಎದ್ದು ನಿಲ್ಲಬೇಕಿತ್ತು, ಅದು ನಮ್ಮನ್ನ ಬಿಡ್ತಾ ಇಲ್ಲ ಅಂತ ಹೇಳ್ಕೊಂಡಿದಾರೆ. ಅವರನ್ನ ದೂರೋದು ಸುಲಭ, ನಾನು ದೂರಲ್ಲ, ಆ ಹಿಂದಿನ ಸಾಲಿನಲ್ಲಿ ಏನು ನಡೀತಿದೆ ಅಂತ ಗೊತ್ತಾಗದ ಹಾಗೆ ಇಡೋದೇ ಅಲ್ಲಿಯ ವ್ಯವಸ್ಥೆ. ಇದು ಮೊದಲನೇದೂ ಅಲ್ಲ. 1998ರಲ್ಲಿ ಬ್ರಸೆಲ್ಸ್‌ನಲ್ಲಿ 20 ವರ್ಷದ ಸೆಮಿರಾ ಅಡಾಮು ಮುಖಕ್ಕೆ ಪೊಲೀಸ್ರು ದಿಂಬು ಒತ್ತಿದ್ರು, ಆ ಸಾವಿಗೆ ಬೆಲ್ಜಿಯಂ ಗೃಹಮಂತ್ರಿ ರಾಜೀನಾಮೆ ಕೊಡಬೇಕಾಯ್ತು. 1999ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಹೊರಟ ಲುಫ್ತಾನ್ಸಾ ವಿಮಾನದಲ್ಲಿ ಸುಡಾನಿನ ಆಮಿರ್ ಅಗೀಬ್.

ಅಗೀಬ್ ಸಾವಿನ ನಂತರ ಜರ್ಮನಿಯ ಹೋರಾಟಗಾರರು ಗುರಿ ಇಟ್ಟಿದ್ದು ಲುಫ್ತಾನ್ಸಾದ ಹೆಸರಿಗೇ. ಬಿಸಿನೆಸ್ ಕ್ಲಾಸ್, ಎಕಾನಮಿ ಕ್ಲಾಸ್ ಥರ "ಡಿಪೋರ್ಟೇಶನ್ ಕ್ಲಾಸ್" ಅಂತ ಪೋಸ್ಟರ್ ಹಾಕಿದ್ರು, 2001ರ ಜೂನ್‌ನಲ್ಲಿ ಕಂಪನಿಯ ವೆಬ್‌ಸೈಟನ್ನ ಸಾವಿರಾರು ಜನ ಒಟ್ಟಿಗೆ ತೆರೆದು ಆನ್‌ಲೈನ್ ಧರಣಿ ಮಾಡಿದ್ರು. ಅದನ್ನ ಕರೆದವನ ಮೇಲೆ ಕೇಸ್ ಹಾಕಿ ಶಿಕ್ಷೆ ಆಯ್ತು, 2006ರಲ್ಲಿ ಮೇಲಿನ ಕೋರ್ಟ್ ಅವನನ್ನ ಬಿಡ್ತು. ಇದೆಲ್ಲದರ ಜೊತೆ ಪೈಲಟ್‌ಗಳಿಗೂ ಯೋಚನೆ ಹತ್ತಿತು. ವಿಮಾನದ ಬಾಗಿಲು ಮುಚ್ಚಿದ ಮೇಲೆ ಒಳಗೆ ಮಾತು ನಡೆಯೋದು ಕ್ಯಾಪ್ಟನ್‌ದು, ಇಷ್ಟವಿಲ್ಲದ ಪ್ರಯಾಣಿಕನನ್ನ ಕರ್ಕೊಂಡು ಹೋಗೋದು ಸುರಕ್ಷಿತ ಅಲ್ಲ ಅನ್ನಿಸಿದ್ರೆ ಇಳಿಸಿಬಿಡೋ ಅಧಿಕಾರ ಇದೆ. 2017ರ ಮೊದಲ ಒಂಬತ್ತು ತಿಂಗಳಲ್ಲಿ ಜರ್ಮನಿಯಲ್ಲಿ 222 ಗಡೀಪಾರುಗಳು ಪೈಲಟ್ ಒಪ್ಪದೇ ನಿಂತವು, ಇದು ಸರ್ಕಾರವೇ ಪಾರ್ಲಿಮೆಂಟಿಗೆ ಕೊಟ್ಟ ಲೆಕ್ಕ. 2018ರಲ್ಲಿ ಸ್ವೀಡನ್ನಿನ ವಿದ್ಯಾರ್ಥಿನಿ ಎಲಿನ್ ಎರ್ಸನ್ ಗೋಥೆನ್‌ಬರ್ಗ್‌ನಲ್ಲಿ ವಿಮಾನ ಹತ್ತಿ, ಅಫ್ಘಾನಿಸ್ತಾನಕ್ಕೆ ಕಳಿಸ್ತಿದ್ದವನನ್ನ ಇಳಿಸೋ ತನಕ ಕೂರಲ್ಲ ಅಂತ ಫೋನ್ ಹಿಡಿದು ನಿಂತ್ಲು. ಒಬ್ಬ ಅವಳ ಫೋನ್ ಕಿತ್ಕೊಳ್ಳೋಕೆ ನೋಡ್ದ, ಕೆಲವರು ಬೈದ್ರು, ಹಿಂದಿನ ಸೀಟುಗಳಿಂದ ಕೆಲವರು ತಾವೂ ಎದ್ದು ನಿಂತ್ರು. ಅವನನ್ನ ಇಳಿಸಿದ್ರು, ಆಮೇಲೆ ಬೇರೆ ದಿನ ಕಳಿಸಿಯೂಬಿಟ್ರು, ಅವಳಿಗೆ 3,000 ಕ್ರೋನರ್ ದಂಡ ಬಿತ್ತು. ಹಾಗಾದ್ರೆ ಏನು ಉಪಯೋಗ ಆಯ್ತು ಅಂತ ಕೇಳೋರಿದ್ದಾರೆ. ಒಂದು ದಿನ ಮುಂದೆ ಹೋದ್ರೆ ಕೋರ್ಟಿಗೆ ಹೊಸ ಅರ್ಜಿ ಹಾಕೋಕೆ ಒಂದು ದಿನ ಸಿಗುತ್ತೆ. ಆ ಒಂದು ದಿನದಲ್ಲೇ ಉಳ್ಕೊಂಡವರು ಎಷ್ಟೋ ಜನ ಇದ್ದಾರೆ.

ಸರ್ಕಾರಗಳೂ ಕಲಿತವು. ಪ್ರಯಾಣಿಕರು ಎದ್ದು ನಿಲ್ತಾರೆ ಅಂದಾಗ ಪ್ರಯಾಣಿಕರೇ ಇಲ್ಲದ ಚಾರ್ಟರ್ ವಿಮಾನ ತಂದ್ರು, ರಾತ್ರಿ ಹೊತ್ತು, ಮೂಲೆಯ ಸ್ಟ್ಯಾಂಡ್‌ಗಳಿಂದ. ಅದಕ್ಕೇ 2017ರ ಮಾರ್ಚ್ 28ರ ರಾತ್ರಿ ಹದಿನೈದು ಜನ ಲಂಡನ್ ಹತ್ತಿರದ ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ ಬೇಲಿ ಕತ್ತರಿಸಿ ಒಳಗೆ ನುಗ್ಗಿ, ನೈಜೀರಿಯಾ, ಘಾನಾಕ್ಕೆ 60 ಜನರನ್ನ ಹೊತ್ತು ಹೋಗಬೇಕಿದ್ದ ವಿಮಾನಕ್ಕೆ ಅಡ್ಡ ಹಾಕಿದ್ರು, ಕೆಲವರು ಅದರ ಮುಂದಿನ ಚಕ್ರದ ಸುತ್ತ ತಮ್ಮನ್ನ ಬಿಗಿದುಕೊಂಡ್ರು. ಅವರ ಮೇಲೆ ಹಾಕಿದ್ದು ಭಯೋತ್ಪಾದನೆ ತಡೆಯೋಕೆ ಅಂತ ಲಾಕರ್ಬಿ ವಿಮಾನ ಬಾಂಬ್ ಸ್ಫೋಟದ ನಂತರ ಮಾಡಿದ 1990ರ ಕಾನೂನು, ಜೀವಾವಧಿ ತನಕ ಶಿಕ್ಷೆ ಇರೋದು. 2018ರಲ್ಲಿ ಅಪರಾಧಿಗಳು ಅಂತ ತೀರ್ಪಾಯ್ತು, 2021ರ ಜನವರಿಯಲ್ಲಿ ಮೇಲ್ಮನವಿ ಕೋರ್ಟ್ ಈ ಕಾನೂನಿನಡಿ ಕೇಸೇ ಹಾಕಬಾರದಿತ್ತು ಅಂತ ರದ್ದು ಮಾಡ್ತು. ಆ ವಿಮಾನದಲ್ಲಿ ಹೋಗಬೇಕಿದ್ದ ಒಬ್ಬರು ಪತ್ರಿಕೆಯಲ್ಲಿ ಬರೆದಿದ್ರು: ಅವತ್ತು ವಿಮಾನ ಹಾರಲಿಲ್ಲ, ಅದರಿಂದಲೇ ಮಗಳು ಹುಟ್ಟುವಾಗ ನಾನು ಅಲ್ಲಿದ್ದೆ ಅಂತ.

ಬಣ್ಣದ ಮಾತು

ಇದನ್ನೆಲ್ಲಾ ಬರೀ "ವಲಸೆ ನೀತಿ" ಅಂತ ಮಾತಾಡೋದು ನನಗೆ ಸಹಿಸೋಕಾಗಲ್ಲ. ನಮ್ಮ ಜನರಿಗೆ, ಅಂದ್ರೆ ಭಾರತೀಯರಿಗೆ, ಇದು ಚೆನ್ನಾಗಿ ಗೊತ್ತಿರಬೇಕು. 1914ರಲ್ಲಿ ಕೊಮಗಾಟ ಮಾರು ಹಡಗಿನ 376 ಜನರಲ್ಲಿ ಹೆಚ್ಚಿನವರನ್ನ, ಬ್ರಿಟಿಷ್ ಪ್ರಜೆಗಳಾಗಿದ್ರೂ, ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ಇಳಿಯೋಕೆ ಬಿಡದೆ ವಾಪಸ್ ಅಟ್ಟಿದ್ರು. 1979ರಲ್ಲಿ ಮದುವೆ ಆಗೋಕೆ ಅಂತ ಹೀಥ್ರೋಗೆ ಬಂದಿಳಿದ ಭಾರತದ ಹೆಣ್ಣುಮಗಳಿಗೆ ಕನ್ಯತ್ವ ಪರೀಕ್ಷೆ ಮಾಡಿದ್ರು, ಗಡಿ ಕಾಯೋ ಹೆಸರಿನಲ್ಲಿ. ಅದು ಒಬ್ಬಳ ಕಥೆ ಅಲ್ಲ, ಬ್ರಿಟಿಷ್ ದಾಖಲೆಗಳನ್ನ ಕೆದಕಿದ ಸಂಶೋಧಕರಿಗೆ ಇಂಥ ಕನಿಷ್ಠ 80 ಪ್ರಕರಣ ಸಿಕ್ಕಿವೆ. ಅವತ್ತು ಹೀಥ್ರೋಗೇ ಹೋಗಿ ಧರಣಿ ಕೂತಿದ್ದು ಓವಾಡ್, ಅವಾಜ್ ಥರದ ಕಪ್ಪು ಮತ್ತು ಏಷ್ಯನ್ ಹೆಂಗಸರ ಸಂಘಟನೆಗಳು. ಅದೇ ಕಾಲದಲ್ಲಿ ರೋಚ್‌ಡೇಲ್‌ನ ಅನ್ವರ್ ದಿತ್ತಾ ಅನ್ನೋ ತಾಯಿ, ಪಾಕಿಸ್ತಾನದಲ್ಲಿದ್ದ ತನ್ನ ಸ್ವಂತ ಮಕ್ಕಳನ್ನ ತನ್ನ ಮಕ್ಕಳು ಅಂತ ಒಪ್ಪದ ಸರ್ಕಾರದ ವಿರುದ್ಧ ಊರೂರು ಸಭೆ ಮಾಡಿ, 1981ರಲ್ಲಿ ರಕ್ತಪರೀಕ್ಷೆಯ ಸಾಕ್ಷಿ ಇಟ್ಟು ಗೆದ್ದರು. ಏಷ್ಯನ್ ಯುವಕರ ಸಂಘಗಳು ಅವರ ಜೊತೆ ನಿಂತಿದ್ವು. ಇವತ್ತು ಅಲ್ಲಿ ಒಳ್ಳೆ ಸಂಬಳಕ್ಕೆ ಹೋಗಿ ನೆಲೆ ನಿಂತ ನಮ್ಮವರಲ್ಲಿ ಕೆಲವರು "ನಾವು ಲೈನಲ್ಲಿ ನಿಂತು ಬಂದ್ವಿ, ಇವರು ದೋಣೀಲಿ ಬರ್ತಾರೆ" ಅನ್ನೋದನ್ನ ಕೇಳಿದಾಗ ನನಗೆ ಸಂಕಟ ಆಗುತ್ತೆ. ಆ ಲೈನ್ ಇರೋದೇ ಹಿಂದಿನವರು ಹೀಥ್ರೋ ನೆಲದ ಮೇಲೆ ಕೂತಿದ್ರಿಂದ.

2022ರ ಮಾರ್ಚ್‌ನಲ್ಲಿ ಉಕ್ರೇನಿನಿಂದ ಓಡಿ ಬಂದವರಿಗೆ ಯುರೋಪಿಯನ್ ಯೂನಿಯನ್ 2001ರಿಂದ ಬಳಸದೇ ಇಟ್ಟಿದ್ದ ತಾತ್ಕಾಲಿಕ ರಕ್ಷಣೆ ನಿಯಮವನ್ನ ಯುದ್ಧ ಶುರುವಾಗಿ ಹತ್ತು ದಿನದೊಳಗೆ ಜಾರಿ ಮಾಡ್ತು. ವಾಸಕ್ಕೆ, ಕೆಲಸಕ್ಕೆ, ಶಾಲೆಗೆ ಹಕ್ಕು, ಅರ್ಜಿಗೆ ವರ್ಷಗಟ್ಟಲೆ ಕಾಯೋ ಹಾಗಿಲ್ಲ. ತುಂಬಾ ಒಳ್ಳೆ ಕೆಲಸ, ಸಂತೋಷ. ಮನಸ್ಸಿದ್ರೆ ಸಾಧ್ಯ ಅಂತ ಅದರಿಂದ ಗೊತ್ತಾಯ್ತು. ಅದೇ ಗಡಿಯಲ್ಲಿ, ಅದೇ ಯುದ್ಧದಿಂದ ಓಡ್ತಿದ್ದ ಭಾರತದ, ಆಫ್ರಿಕಾದ ವಿದ್ಯಾರ್ಥಿಗಳನ್ನ ರೈಲಿನಿಂದ, ಸಾಲಿನಿಂದ ಹಿಂದಕ್ಕೆ ತಳ್ಳಿದ್ದನ್ನ ನಾವು ನೋಡಿದೀವಿ. ಮೆಡಿಟರೇನಿಯನ್ ಸಮುದ್ರದಲ್ಲಿ 2014ರಿಂದ ಸತ್ತವರು, ಕಾಣೆಯಾದವರು 30,000 ದಾಟಿದಾರೆ.

ಗಡಿಯೇ ಬೇಡ ಅಂದ್ರೆ ದೇಶ ನಡೆಯೋದು ಹೇಗೆ ಅಂತ ನನ್ನ ಹತ್ತಿರದವರೇ ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ನೋ ಬಾರ್ಡರ್ಸ್ ಅನ್ನೋರಲ್ಲೂ ಇದಕ್ಕೆ ಒಂದೇ ಉತ್ತರ ಇಲ್ಲ. ನನ್ನ ಮಟ್ಟಿಗೆ ಹೇಳೋದಾದ್ರೆ, ಹತ್ತು ವರ್ಷದಿಂದ ಒಂದು ಬೀದಿಯಲ್ಲಿ ಬದುಕಿದವನನ್ನ ಬೇಡಿ ಹಾಕಿ ಎಳ್ಕೊಂಡು ಹೋಗದೇ ಇದ್ರೆ ಯಾವ ದೇಶವೂ ಮುಳುಗಿಲ್ಲ. ಆಶ್ರಯ ಕೇಳಿ ಬಂದವರನ್ನ ಆಫ್ರಿಕಾದ ರುವಾಂಡಾಕ್ಕೆ ಕಳಿಸೋ ಯೋಜನೆಗೆ ಬ್ರಿಟನ್ ಸುಮಾರು 70 ಕೋಟಿ ಪೌಂಡ್ ಸುರಿದು ಕೊನೆಗೆ ಕಳಿಸಿದ್ದು ತಾವಾಗೇ ಒಪ್ಪಿ ಹೋದ ನಾಲ್ಕು ಜನರನ್ನ. ಆ ದುಡ್ಡಲ್ಲಿ ಎಷ್ಟು ಗುಮಾಸ್ತರು ಎಷ್ಟು ಅರ್ಜಿಗಳನ್ನ ಸರಿಯಾಗಿ ಓದಬಹುದಿತ್ತು!

ಈಗ ಎಲ್ಲಿದೀವಿ

ರುವಾಂಡಾಕ್ಕೆ ಹೊರಟಿದ್ದ ಮೊದಲ ವಿಮಾನ 2022ರ ಜೂನ್ 14ರ ರಾತ್ರಿ ರನ್‌ವೇ ಮೇಲೇ ಉಳೀತು, ಕೋರ್ಟುಗಳಲ್ಲಿ ವಕೀಲರು ಒಬ್ಬೊಬ್ಬರನ್ನೇ ಪಟ್ಟಿಯಿಂದ ಬಿಡಿಸಿ ಕೊನೆಗೆ ಯುರೋಪಿಯನ್ ಮಾನವ ಹಕ್ಕು ಕೋರ್ಟಿನ ಆದೇಶ ಬಂದ ಮೇಲೆ. ಅದರ ಹಿಂದೆ ಇನ್ನೊಂದು ಕೆಲಸ ನಡೀತು, ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಫ್ರೀಡಂ ಫ್ರಮ್ ಟಾರ್ಚರ್ ಅನ್ನೋ ಸಂಸ್ಥೆ ಮತ್ತೆ ಅದರ ಜೊತೆಗಾರರು ಸರ್ಕಾರಕ್ಕೆ ವಿಮಾನ ಕೊಡೋ ಕಂಪನಿಗಳ ಬೆನ್ನು ಹತ್ತಿದ್ರು, ಆ ವರ್ಷದ ಅಕ್ಟೋಬರ್‌ನಲ್ಲಿ ಸ್ಪೇನಿನ ಪ್ರಿವಿಲೇಜ್ ಸ್ಟೈಲ್ ಕಂಪನಿ ಇನ್ಮೇಲೆ ರುವಾಂಡಾಕ್ಕೆ ಹಾರಿಸಲ್ಲ ಅಂತು. 2023ರ ನವೆಂಬರ್ 15ರಂದು ಸುಪ್ರೀಂ ಕೋರ್ಟ್ ಇಡೀ ಯೋಜನೆ ಕಾನೂನುಬಾಹಿರ ಅಂತ ಒಮ್ಮತದಿಂದ ಹೇಳ್ತು, ಸರ್ಕಾರ ಅದನ್ನ ಮೀರೋಕೆ ಹೊಸ ಕಾನೂನೇ ಮಾಡ್ತು. 2024ರ ಮೇ 2ರಂದು ಲಂಡನ್ನಿನ ಪೆಕಮ್‌ನಲ್ಲಿ ಆಶ್ರಯ ಕೇಳಿದವರನ್ನ ಹೋಟೆಲಿನಿಂದ ಬಿಬ್ಬಿ ಸ್ಟಾಕ್‌ಹೋಮ್ ಅನ್ನೋ ತೇಲುವ ಬಾರ್ಜ್‌ಗೆ ಸಾಗಿಸೋಕೆ ಬಂದ ಬಸ್ಸನ್ನ ಜನ ಸುತ್ತುವರಿದು ಕೂತ್ರು, ಹಲವರು ಅರೆಸ್ಟ್ ಆದ್ರು, ಬಸ್ ಖಾಲಿ ವಾಪಸ್ ಹೋಯ್ತು. ಕೆನ್‌ಮ್ಯೂರ್ ಸ್ಟ್ರೀಟ್ ನೋಡಿ ಕಲಿತವರು ಅಲ್ಲಿ ಇದ್ದೇ ಇದ್ರು ಅಂತ ನನ್ನ ನಂಬಿಕೆ.

ಸರ್ಕಾರ ಬದಲಾಯ್ತು, ರುವಾಂಡಾ ಹೋಯ್ತು, ಗಡೀಪಾರು ಹೋಗಲಿಲ್ಲ. 2025ರ ಆಗಸ್ಟ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಮಧ್ಯೆ "ಒಬ್ಬ ಒಳಗೆ, ಒಬ್ಬ ಹೊರಗೆ" ಅನ್ನೋ ಒಪ್ಪಂದ ಜಾರಿಗೆ ಬಂತು, ದೋಣೀಲಿ ಬಂದ ಒಬ್ಬನನ್ನ ಫ್ರಾನ್ಸ್‌ಗೆ ವಾಪಸ್ ಕಳಿಸಿ ಅಲ್ಲಿಂದ ಇನ್ನೊಬ್ಬನನ್ನ ತಗೊಳ್ಳೋದು. ಸೆಪ್ಟೆಂಬರ್ 18ರಂದು ಅದರಡಿ ಮೊದಲು ಕಳಿಸಿದ್ದು ಒಬ್ಬ ಭಾರತೀಯನನ್ನ, ಹೀಥ್ರೋದಿಂದ ಪ್ಯಾರಿಸ್‌ಗೆ, ಮಾಮೂಲಿ ಪ್ರಯಾಣಿಕರಿದ್ದ ವಿಮಾನದಲ್ಲಿ. ಮಾಮೂಲಿ ವಿಮಾನಗಳಲ್ಲೂ ಕಳಿಸ್ತಾರೆ ಅಂದ್ರೆ ಪ್ರಯಾಣಿಕರಿಗೆ ತಿಳಿಸೋ ಕೆಲಸವೂ ಮತ್ತೆ ಶುರುವಾಗಬೇಕು. ನೀವು ಆ ದಾರೀಲಿ ಓಡಾಡೋರಾದ್ರೆ, ವಿಮಾನದ ಹಿಂದಿನ ಸಾಲಿನಲ್ಲಿ ಒಬ್ಬನ ಎಡಬಲಕ್ಕೆ ಗಾರ್ಡ್‌ಗಳು ಕೂತಿದ್ರೆ, ಬಾಗಿಲು ಮುಚ್ಚೋ ಮುಂಚೆ ಸಿಬ್ಬಂದಿಯನ್ನ ಕರೆದು ಕೇಳಿ, ಕ್ಯಾಪ್ಟನ್‌ಗೆ ಈ ವಿಷಯ ಗೊತ್ತಾ, ಆ ಪ್ರಯಾಣಿಕ ಸ್ವಇಚ್ಛೆಯಿಂದ ಬರ್ತಿದಾನಾ ಅಂತ.